ವಂದನಾರ್ಪಣೆ

ಗಂಗೋತ್ರಿಯ ಸಭಾಂಗಣ. ಫ್ಯಾನು ಕೆಟ್ಟಿತ್ತು.
ಪರದೆಯ ಮೇಲೆ ಬಡತನ ನೀಲಿ ಕಂಬವಾಗಿ ನಿಂತಿತ್ತು,
ಪಕ್ಕದಲ್ಲೇ ಸೆರೆಮನೆ, ಕಂದು ಬಣ್ಣದ್ದು.
ವಿಚಾರಣಾಧೀನ ಕೈದಿಗಳು, ಅಂದರು ಮೇಷ್ಟ್ರು,
ಕೆಂಪು ಚುಕ್ಕಿಯನ್ನು ಕಂಬದ ತುದಿಗೆ ತಾಗಿಸಿ.
ಅಲ್ಲೇ ಎಲ್ಲೋ ನನ್ನ ತಮ್ಮ ಪುಟ್ಟಮಾದ,
ಉಗುರು ಕಚ್ಚುತ್ತಾ.

ಜಾಮೀನಾಗಿ ಹನ್ನೊಂದು ತಿಂಗಳು.
ಶ್ಯೂರಿಟಿಗೆ ಪಹಣಿ ಇರುವವರು ಬೇಕು.
ಅವ್ವ ಕಿರುಗಾವಲಿನಿಂದ ಬನ್ನೂರಿನವರೆಗೆ
ಕಂಡವರ ಜಗಲಿಯ ಕೆಳಗೆಲ್ಲ ಕೂತು ಬಂದಳು.
ಕಾಫಿ ಕೊಟ್ಟರು, ಪೇಪರ್ ಲೋಟದಲ್ಲಿ.
ಪಹಣಿ ಕೊಡಲಿಲ್ಲ.

ಇಂಥವರಿಗೆ ನಾವು ದನಿಯಾಗಬೇಕು, ಅಂದರು ಕೊನೆಗೆ.
ಚಪ್ಪಾಳೆಗೆ ಬೆದರಿ
ಕಿಟಕಿಯ ಪಾರಿವಾಳ ಎದ್ದು ಹೋಯಿತು.

ನನ್ನ ಕೈಯಲ್ಲಿ ಚೀಟಿ.
ಕುಲಪತಿಗಳಿಗೆ, ಡೀನ್ ಅವರಿಗೆ, ಹೂವು ತಂದವರಿಗೆ,
ಮೈಕಿನ ಯತಿರಾಜನಿಗೆ
ಒಬ್ಬೊಬ್ಬರಿಗೂ ಧನ್ಯವಾದ ಹೇಳುತ್ತಾ ಹೋದೆ.
ಮೈಸೂರು ಪೇಟ ಮೇಷ್ಟ್ರ ಕಿವಿಗೆ ಜಾರಿತ್ತು.
ಒಳ್ಳೆಯವರು. ನಕ್ಕರು.

ಹಣ್ಣಿನ ಬುಟ್ಟಿ ಕಾರಿಗಿಡುವಾಗ
ತುಟಿಯವರೆಗೂ ಬಂದಿತ್ತು:
ಸಾರ್, ನಿಮ್ಮ ಹೆಸರಲ್ಲಿ ಜಮೀನಿದೆಯಾ?

ಅವರೇ ಕೇಳಿದರು,
ಚೆನ್ನಾಗಿ ಮಾತಾಡ್ತೀಯಮ್ಮ, ಯಾವೂರು?
ಕಿರುಗಾವಲು ಸಾರ್, ಅಂದೆ.
ಓಹೋ, ಗದ್ದೆ ಸೀಮೆ, ಅಂದರು,
ನಾಲೆ ನೀರು, ಪುಣ್ಯವಂತರು ನೀವು.