ತೊಳೆಯದ ಲೋಟ

ಬಾಣಾವರದಿಂದ ಐದು ಮೈಲಿ, ಗರಸು ನೆಲ.
ಮೇಲಿನ ತಾಕಿನಲ್ಲಿ ನಲವತ್ತೊಂದು ವರ್ಷದ ದ್ರಾಕ್ಷಿ,
ಕೆಳಗಿನದರಲ್ಲಿ ಆರು ವರ್ಷದ್ದು,
ನಡುವೆ ಒಂದು ಒಣ ಕಾಲುವೆ.
ಮೇಲಿನದರ ಕಡ್ಡಿ ಕತ್ತರಿಸಿಯೇ ಕೆಳಗೆ ನೆಟ್ಟದ್ದು,
ಹಾಗಾಗಿ ತಾಯಿ ಮಗಳು ಅನ್ನುವಂತಿಲ್ಲ.
ಒಂದೇ ಗಿಡ, ಎರಡು ವಯಸ್ಸು.

ಹಳೆಯವು ಬಳ್ಳಿ ಅನ್ನುವುದು ಹೆಸರಿಗಷ್ಟೆ, ಬಳುಕುವುದಿಲ್ಲ.
ಬುಡ ನನ್ನ ತೊಡೆಯ ದಪ್ಪ,
ತೊಗಟೆ ಹಳೇ ಲೆಕ್ಕದ ಪುಸ್ತಕದ ರಟ್ಟಿನಂತೆ ಜೋತಿದೆ.
ಒಂದೊಂದು ಗಂಟೂ ಒಂದೊಂದು ದಸರೆಯ ಕತ್ತರಿಗಾಯ.
ಸವೇರಪ್ಪ ಬೆರಳಿಟ್ಟು ಹೇಳುತ್ತಾನೆ:
ಇದು ನನ್ ಮದುವೆ ವರ್ಷದ್ದು,
ಇದು ಜ್ವರದಲ್ಲಿ ಕೈ ತಪ್ಪಿದ್ದು,
ಇದು ನಮ್ಮಪ್ಪಂದು. ಅವ್ನು ಯಾವಾಗ್ಲೂ
ಒಂದು ಕಣ್ಣು ಜಾಸ್ತಿ ಬಿಡ್ತಿದ್ದ.

ಕೆಳಗಿನ ಗಿಡ ಹದಿನಾಲ್ಕು ಕೆಜಿ ಕೊಟ್ಟರೆ
ಮೇಲಿನದು ನಾಲ್ಕು. ಹಣ್ಣು ಸಣ್ಣ, ಸಿಪ್ಪೆ ದಪ್ಪ,
ಬೀಜ ಕಡಿದರೆ ಹಲ್ಲು ಒಗರು.
ಮರುಳಯ್ಯನವರು ಲೆಕ್ಕ ಹಾಕಿದರು.
ಇಪ್ಪತ್ತು ವರ್ಷ ವೈನ್ ಮಾಡಿಸಿ ಮಾರಿದವರು
ಒಂದು ಹನಿ ಬಾಯಿಗೆ ಹಾಕಿದವರಲ್ಲ,
ಲಿಂಗದ ಮೇಲೆ ಆಣೆ. ಮೂಸುತ್ತಾರೆ, ಅಷ್ಟೆ.
"ನೀನು ಕುಡಿದು ಹೇಳಮ್ಮ. ವ್ಯತ್ಯಾಸ ಇದ್ದರೆ ಇರಲಿ.
ಇಲ್ಲವಾದರೆ ಸೋಮವಾರ ಜೆಸಿಬಿ."

ವ್ಯತ್ಯಾಸ! ಬಾಟಲಿಯ ಚೀಟಿಯ ಮೇಲೆ
ಆಳ, ಗಾಂಭೀರ್ಯ ಎಂದೆಲ್ಲ ಬರೆದವಳು ನಾನೇ.
ಎರಡು ಲೋಟ, ತಳಕ್ಕೆ ಅಂಟಿಸಿದ ಕಾಗದ.
ಮೊದಲನೆಯದು ನೇರಳೆಹಣ್ಣು, ಆಲೆಮನೆಯ ನೊರೆ,
ಬಾಯಿ ತುಂಬ ಬಂತು, ನೆಂಟರ ಮಕ್ಕಳ ಹಾಗೆ.
ಎರಡನೆಯದು ಒದ್ದೆ ಸ್ಲೇಟು, ಕಬ್ಬಿಣದ ಮೊಳೆ.
ಏನು ಕೇಳಿದರೂ ಹೂಂ ಅನ್ನುತ್ತಿರಲಿಲ್ಲ.
ಮೊದಲನೆಯದನ್ನು ತೋರಿಸಿದೆ. ಹಳೆಯದು ಇದೇ.
ತಳ ತಿರುಗಿಸಿದರು.
ಕೆಳಗಿನ ತಾಕು.

ಅವರು ನಕ್ಕಿದ್ದರೆ ಸುಲಭವಿತ್ತು.
ಹೆಗಲ ಮೇಲಿನ ಟವೆಲು ಕೊಡವಿ ಎದ್ದರು.

ಹೊರಗೆ ಸವೇರಪ್ಪ ಕತ್ತರಿ ಮಸೆಯುತ್ತಿದ್ದ.
ಹೇಳಿದೆ. ವಾದ ಮಾಡಲಿಲ್ಲ.
"ಎಷ್ಟೊತ್ತು ಕಾದ್ರಿ?"
ಕಾಯುವುದೇನು, ಕುಡಿದೆ.
ತಪ್ಪು ಮನೆಯ ಬಾಗಿಲು ತಟ್ಟಿದವರನ್ನು ನೋಡುವಂತೆ
ನನ್ನನ್ನು ನೋಡಿ, ಮತ್ತೆ ಕಲ್ಲಿಗೆ ನೀರು ಚಿಮುಕಿಸಿದ.

ಆ ರಾತ್ರಿ ಲೋಟ ತೊಳೆಯಲಿಲ್ಲ.
ಕರೆಂಟು ಹೋಗಿತ್ತು ಎಂದು ಹೇಳಬಹುದು.
ಬೆಳಿಗ್ಗೆ ಮೊದಲನೆಯದರಲ್ಲಿ ಸಾಲು ಇರುವೆ,
ತೇಲುವ ಎರಡು ನುಸಿ, ಹುಳಿ ವಾಸನೆ.
ನಿನ್ನೆಯೇ ಎಲ್ಲ ಹೇಳಿ ಮುಗಿಸಿಬಿಟ್ಟಿತ್ತು ಪಾಪ.
ಎರಡನೆಯದರಲ್ಲಿ ಬೆರಳಷ್ಟು ಉಳಿದಿತ್ತು.
ಎತ್ತಿದೆ, ಸುರಿಯಲೆಂದೇ.

ಹುಣಸೆಯ ಒಣ ಓಡು.
ಧೂಳಿನ ಮೇಲೆ ಉದುರಿದ ಹೊಂಗೆ ಹೂ.
ಅದರ ಕೆಳಗೆ, ಇನ್ನೂ ಕೆಳಗೆ,
ಒಂದು ತಂಪು. ಅದಕ್ಕೆ ನನ್ನ ಬಳಿ ಹೆಸರಿರಲಿಲ್ಲ,
ಚೀಟಿಗೆ ಬರೆಯುವ ಯಾವ ಪದವೂ ಹೊಂದಲಿಲ್ಲ.
ಹಲ್ಲುಜ್ಜಿದ ಬಾಯಲ್ಲಿ, ಏಳೂಕಾಲಿಗೆ,
ಒಂದೇ ಒಂದು ಗುಟುಕು ಕುಡಿದೆ. ಅದೀಗ ಮಾತಿಗೆ ತೊಡಗಿತ್ತು.

ಫೋನು ಮಾಡಿ ಏನೆನ್ನಲಿ?
ನಿನ್ನೆ ತಪ್ಪಿದವಳು ಇವತ್ತು ಸರಿ ಎಂದು ಯಾರು ನಂಬುತ್ತಾರೆ?
ಲೋಟದ ಬಾಯಿಗೆ ಅಂಗೈ ಮುಚ್ಚಿ
ತೆಂಗಿನ ಸಾಲು ದಾಟಿ ನಡೆದೆ.
ಮರುಳಯ್ಯನವರು ಪೂಜೆ ಮುಗಿಸಿ ಬಂದಿದ್ದರು,
ಹಣೆಯ ವಿಭೂತಿ ಇನ್ನೂ ಒದ್ದೆ.
"ಕುಡಿಯಬೇಡಿ, ಮೂಸಿ" ಎಂದೆ.

ಕಣ್ಣು ಮುಚ್ಚಿದರು.
ಒಳಗೆ ಯಾರೋ ರೊಟ್ಟಿ ತಟ್ಟುವ ಸದ್ದು.
"ಮೇಲಿನ ತಾಕಿನ ಬಾವಿ" ಎಂದರು ಕೊನೆಗೆ,
"ನಾನು ಹುಡುಗ. ನಲವತ್ತು ಅಡಿ ತೋಡಿ
ಮೊದಲ ಬುಟ್ಟಿ ಕೆಸರು ಮೇಲೆ ಬಂದಾಗ
ಹಿಂಗೇ ಇತ್ತು ವಾಸನೆ.
ಆ ಬಾವಿ ಮುಚ್ಚಿಸಿ ಎಷ್ಟು ಕಾಲವಾಯಿತು."

ಸೋಮವಾರದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.
ಲೋಟ ಕೇಳಿದೆ, ತೊಳೆಯಬೇಕಿತ್ತು.
ಕೊಡಲಿಲ್ಲ.