ಗರಗಸದ ಪಾಲು

ಔಲು ಬಂದರಿನ ಮೂರನೇ ಕ್ರೇನಿನ ಬೋಲ್ಟು
ಜನವರಿಯ ಒಂದು ರಾತ್ರಿ, ಯಾರೂ ಮುಟ್ಟದೆ, ಮುರಿಯಿತು.
ಸದ್ದು ಕೇಳಿದವನು ಕಾವಲಿನ ತೌನೋ ಒಬ್ಬನೇ.
ಕಡಲ ಮಂಜುಗಡ್ಡೆ ಬಿರಿಯಿತೆಂದುಕೊಂಡು
ಇನ್ನೊಂದು ಲೋಟ ಕಾಫಿ ಬಗ್ಗಿಸಿಕೊಂಡನಂತೆ.

ಬೆಳಿಗ್ಗೆ ಅದು ನನ್ನ ಮೇಜಿಗೆ ಬಂತು,
ಹೆಬ್ಬೆರಳಿಗಿಂತ ದಪ್ಪ, ತಲೆಯಿಲ್ಲದ್ದು.
ನಾನು ಕೊಯ್ಯುವವಳು, ಉಜ್ಜುವವಳು.
ಇಪ್ಪತ್ತೊಂಬತ್ತು ವರ್ಷದಿಂದ ಈ ನೆಲಮಾಳಿಗೆಯಲ್ಲಿ
ಉಕ್ಕಿಗೆ ಕನ್ನಡಿಯಾಗುವುದನ್ನು ಕಲಿಸುತ್ತಿದ್ದೇನೆ.
ವರದಿಗಳಲ್ಲಿ ನನ್ನ ಹೆಸರಿರುವುದಿಲ್ಲ.
ಕೋಟು ನೇತುಹಾಕುವ ಮೊಳೆಯ ಮೇಲಿದೆ: ಹಿಲ್ಕಾ.

ಮೊದಲು ಇಳಿದು ಬಂದವಳು ಮೇಲಿನ ಮಹಡಿಯ ಮಾರ್ಕೆತ್ತಾ.
ಭೂತಗನ್ನಡಿಗೆ ಕಣ್ಣು ಹಚ್ಚಿದವಳು ಬಹಳ ಹೊತ್ತು ಉಸಿರೇ ಬಿಡಲಿಲ್ಲ.
"ನೋಡು ಹಿಲ್ಕಾ, ಹರಳುಗಳನ್ನು ಸೀಳಿಯೇ ಇಲ್ಲ,
ಬದುಗುಂಟ ನಡೆದುಹೋಗಿದೆ ಬಿರುಕು,
ಪರರ ಹೊಲ ತುಳಿಯದ ಸಂಭಾವಿತನ ಹಾಗೆ."
ಜಲಜನಕ, ಅಂದಳು,
ಮಗುವಿಗೆ ಮೊದಲ ಹಲ್ಲು ಬಂದದ್ದು ಹೇಳುವ ದನಿಯಲ್ಲಿ.
ಆಮ್ಲದ ತೊಟ್ಟಿಯಲ್ಲಿ ಒಳಹೊಕ್ಕದ್ದು,
ಮೇಲೆ ಸತುವಿನ ಲೇಪ ಬಿದ್ದು ಬಾಗಿಲು ಮುಚ್ಚಿದ್ದು.
ಎಲ್ಲಿ ಕೂತಿದೆ ಅದು? ಅಲ್ಲೇ ಯಾಕೆ?
ಆ ಒಂದು 'ಯಾಕೆ'ಗೆ ನಾಲ್ಕು ವರ್ಷದ ಅನುದಾನ.
ಉಳಿದಿರುವುದು ಆರು ತಿಂಗಳು,
ಅವಳ ನೌಕರಿಯೂ ಅಷ್ಟೇ.

ಆಮೇಲೆ ಬಂದ ಬಂದರಿನ ಯೋರ್ಮಾ,
ಬೂಟಿನ ಹಿಮ ನನ್ನ ನೆಲಕ್ಕೆಲ್ಲ ಹಂಚುತ್ತ.
ಬೋಲ್ಟು ನೋಡುವ ಮುಂಚೆ ಗೋಡೆಯ ಗಡಿಯಾರ ನೋಡಿದ.
"ಇಂಥವು ಇನ್ನೂ ನಾನೂರಿಪ್ಪತ್ತಿವೆ ಮೇಲೆ.
ಭಾನುವಾರ ಹಡಗು. ಬಿಚ್ಚಲೋ, ಬಿಡಲೋ?"
"ಖಚಿತವಾಗಿ ಹೇಳಬೇಕಾದರೆ ಎಂಟು ವಾರ."
"ಖಚಿತ ಬೇಡ ಮಾರ್ಕೆತ್ತಾ,
ಸಹಿ ಹಾಕುವಷ್ಟು ಸಾಕು."

ಲೇಪದ ಬೆನ್ನಿಗೇ ಇನ್ನೂರು ಡಿಗ್ರಿಯ ಒಲೆಯಲ್ಲಿ
ಒಂದು ದಿನ ಇಡಬೇಕಿತ್ತೆಂದು ಅವನಿಗೆ ಗೊತ್ತು.
ಯಾರೋ ಎಲ್ಲೋ ಶುಕ್ರವಾರ ಸಂಜೆ ಬೇಗ ಮನೆಗೆ ಹೊರಟಿದ್ದರು.
ಒಲೆ ಏನು ಮಾಡುತ್ತದೆಂದು ಕೇಳಿದರೆ ಭುಜ ಹಾರಿಸುತ್ತಾನೆ.
ಅದು ಅವಳಿಗೆ ಗೊತ್ತು.
ಮುಂದಿನದು ಯಾವಾಗ ಮುರಿಯುತ್ತದೆಂದರೆ ಮಾತ್ರ
ಕಿಟಕಿಯಿಲ್ಲದ ಈ ಕೋಣೆಯಲ್ಲಿ ಕಿಟಕಿ ಹುಡುಕುತ್ತಾಳೆ.

ಇಬ್ಬರೂ ಒಂದೇ ತರಗತಿಯವರು.
ಇದೇ ಮೇಜಿನಲ್ಲಿ, ಒಂದೇ ಗೀರಿಗಾಗಿ
ಇಬ್ಬರನ್ನೂ ಬೈದಿದ್ದೇನೆ ನಾನು.
ಈಗ ಅವನ ದಿಂಬಿನಡಿ ಫೋನು ಮಲಗುತ್ತದೆ, ಅವನಲ್ಲ.
ಅವಳಿಗೆ ರಾತ್ರಿ ಯಾರೂ ಫೋನು ಮಾಡುವುದಿಲ್ಲ,
ತಾನೇ ಎಚ್ಚರಾಗುತ್ತಾಳೆ.

ಮುರಿದ ಮುಖ ಇಬ್ಬರಿಗೂ ಬೇಕು,
ಅವಳಿಗೆ ಸೂಕ್ಷ್ಮದರ್ಶಕಕ್ಕೆ, ಅವನಿಗೆ ವಿಮೆಯವರಿಗೆ.
ಅಣ್ಣತಮ್ಮಂದಿರ ಹಿಸ್ಸೆಗೆ ಕೂತ ಶಾನುಭೋಗನಂತೆ
ನಟ್ಟನಡುವೆ ಗೆರೆ ಎಳೆದು ಗರಗಸ ಇಳಿಸಿದೆ.
ನೀರು ಸುರಿಯಿತು, ಉಕ್ಕು ಕಿರುಚಿತು.
ಅರ್ಧ ಅವಳದ್ದು, ಅರ್ಧ ಅವನದ್ದು,
ನಡುವಿನ ಒಂದೂವರೆ ಮಿಲಿಮೀಟರು ಯಾರದ್ದೂ ಅಲ್ಲ:
ಬೂದು ಕೆಸರಾಗಿ ನನ್ನ ತಟ್ಟೆಯ ತಳದಲ್ಲಿ.

ಯೋರ್ಮಾ ಆ ರಾತ್ರಿಯೇ ಸಹಿ ಹಾಕಿದ. ಬಿಚ್ಚಿ ಎಂದು.
ಹಡಗು ಮೂರು ದಿನ ಮಂಜುಗಡ್ಡೆಯಾಚೆ ಹೊಗೆ ಬಿಡುತ್ತ ಕಾದಿತು.
ಅವುಗಳಲ್ಲಿ ಎಷ್ಟು ಮುರಿಯುತ್ತಿದ್ದವೋ,
ಒಂದೂ ಮುರಿಯುತ್ತಿರಲಿಲ್ಲವೋ,
ಮೇಲಧಿಕಾರಿಗಳು ಕೇಳಿದ್ದು ಅದನ್ನೇ.
ಮಾರ್ಕೆತ್ತಾ ಕೇಳಿದ್ದು ಬೇರೆ: "ಹತ್ತು ಕೊಡ್ತೀಯಾ?"
ಲಾರಿಯಲ್ಲಿ ನಾನೂರಿಪ್ಪತ್ತೂ ಕಳಿಸಿದ.
ನನ್ನ ಓಣಿಯಲ್ಲೀಗ ಅಡ್ಡಡ್ಡ ನಡೆಯಬೇಕು.

ತರಬೇತಿಗೆ ಬಂದ ಹುಡುಗ ನೀಲೋ ನಿನ್ನೆ ಕೇಳಿದ,
ಸೋಮವಾರ ಅರ್ಜಿ ತುಂಬಬೇಕಂತೆ,
ವಿಜ್ಞಾನ ಎಂದು ಬರೆಯಲೋ, ಇಂಜಿನಿಯರಿಂಗ್ ಎಂದೋ?
ಮುನ್ನೂರಿಪ್ಪತ್ತರ ಉಜ್ಜುಕಾಗದ ಕೊಟ್ಟೆ.
ಒಂದೇ ದಿಕ್ಕಿಗೆ ಉಜ್ಜು, ಆಮೇಲೆ ಅಡ್ಡ ತಿರುಗಿಸು,
ಹಳೆಯ ಗೀರು ಹೋಗುವ ತನಕ.
ಅರ್ಜಿಯಲ್ಲಿ ಏನು ಬರೆದನೋ, ಕೇಳಲಿಲ್ಲ.
ಊಟಕ್ಕೆ ಕೂತಾಗ ಅವನ ಕೈ ನೋಡಿದೆ:
ತೊಳೆದು ಬಂದಿದ್ದ. ಆದರೂ ಉಗುರಿನ ಸಂದಿಯಲ್ಲಿ
ಆ ಬೂದು ಕೆಸರು.