ಅಡಿಯಲ್ಲಿ ಹಾಯುವ ಉಂಗುರ

ಆಂಟ್ವರ್ಪ್, 1920

ಆರು ವರ್ಷ ಕಪ್ಪನ್ನಷ್ಟೇ ಹೊಲಿದವಳು ಗೋಡೆಲೀವ್.
ಬೀದಿಯ ಅರ್ಧ ಹೆಂಗಸರ ಮೈಮೇಲಿನ ಕಪ್ಪು
ಇವಳ ಕೈಯದೇ. ಅಳತೆ ತೆಗೆಯುವಾಗ
ಯಾರೂ ಮಾತಾಡುತ್ತಿರಲಿಲ್ಲ,
ಟೇಪು ಮಾತ್ರ ಸರಕ್ಕೆನ್ನುತ್ತಿತ್ತು.

ಈಗ ಮೇಜಿನ ಮೇಲೆ ಬಿಳಿ, ಮಂಚಕ್ಕಿಂತ ಅಗಲ,
ಐದು ಬಣ್ಣದ ತುಂಡು, ಕಾಗದದಲ್ಲೊಂದು ನಕ್ಷೆ.
"ಹಳೆಯದೇ," ಅಂದ ಗುತ್ತಿಗೆಯ ಫಾನ್ ಹೂಫ್,
"ಬಾವುಟ ಬಂತು, ಬೆನ್ನಿಗೇ ಯುದ್ಧ ಬಂತು.
ಹಾರಿಸೋಣವೆಂದರೆ ಆಟವೇ ಇಲ್ಲ."

"ಯಾವುದು ಯಾವ ಖಂಡ?"
ಸೂಜಿಗೆ ದಾರ ಪೋಣಿಸುತ್ತ ಕೇಳಿದಳು ಸಿಸ್ಕಾ.
"ಯಾವುದೂ ಯಾರದ್ದೂ ಅಲ್ಲವಂತೆ.
ಬಿಳಿಯನ್ನೂ ಲೆಕ್ಕಕ್ಕೆ ಹಿಡಿದರೆ ಆರು ಬಣ್ಣ,
ಲೋಕದ ಬಾವುಟಗಳಿಗೆಲ್ಲ ಅಷ್ಟೇ ಸಾಕಂತೆ."
ಹುಡುಗಿ ಬೆರಳು ಮಡಿಸಿದಳು:
ಫ್ರಾನ್ಸು ಸಿಕ್ಕಿತು, ಜಪಾನು, ಸ್ವೀಡನ್ನು,
ನಮ್ಮದು: ಕಪ್ಪು, ಹಳದಿ, ಕೆಂಪು.
ಆಮೇಲೆ ತಟಕ್ಕನೆ ನಿಂತಳು.
ಗಡಿಯಾಚೆ ಹೋದ ವರ್ಷ ಏರಿದ್ದಕ್ಕೂ
ಕಪ್ಪು, ಕೆಂಪು, ಹೊನ್ನಿನ ಹಳದಿ.
ಆಟಕ್ಕೆ ಅವರನ್ನು ಕರೆದಿಲ್ಲ.
"ಅವರದ್ದೂ ಇದರಲ್ಲೇ ಇದೆಯಲ್ಲ, ಅತ್ತೆ?"

ಗೋಡೆಲೀವಳ ಬಾಯಲ್ಲಿ ಗುಂಡುಸೂಜಿಗಳು.
ಉತ್ತರ ಕೊಡದಿರಲು ಅದೊಂದು ನೆಪ.
ಐಸರ್ ಹೊಳೆಯ ಕೆಸರಿನಿಂದ ಅಣ್ಣ ಓಡೀಲನ
ಗುಂಡಿಗಳಷ್ಟೇ ಮನೆಗೆ ಬಂದಿದ್ದವು. ಏಳು.
ದಾರದ ಡಬ್ಬಿಯಲ್ಲಿವೆ, ಯಾವ ಅಂಗಿಗೂ ಹಾಕಿಲ್ಲ.

ಕಷ್ಟ ಇದ್ದದ್ದು ಬೇರೆಡೆ.
ಉಂಗುರ ಕತ್ತರಿಸುವುದು ಸಲೀಸು,
ಹುರಿಗೆ ಸೀಮೆಸುಣ್ಣ ಕಟ್ಟಿ ತಿರುಗಿಸಿದರಾಯಿತು.
ಒಂದಕ್ಕೊಂದು ಕೊಂಡಿ ಹಾಕುವುದು ಹೇಗೆ?
ಇಡಿಯಾದ ಉಂಗುರ
ಇನ್ನೊಂದು ಇಡಿಯನ್ನು ಹೊಗುವುದಿಲ್ಲ.
ದೀಪದ ಎಣ್ಣೆ ತೀರುವವರೆಗೆ ಅತ್ತ ಇತ್ತ ಸರಿಸಿ,
ಒಂದೆರಡು ಸಲ ಬೈದು,
ಕೊನೆಗೆ ಹಳದಿಯನ್ನು ಕತ್ತರಿಸಿಯೇಬಿಟ್ಟಳು,
ಕಪ್ಪಿನ ಅಡಿಯಲ್ಲಿ ತೂರಿಸಿ, ಮತ್ತೆ ಹೊಲಿದಳು.
ಅಲ್ಲಿ ಹೊಲಿಗೆ ದಪ್ಪ.
ಬೆರಳಿಗೆ ಸಿಗುತ್ತದೆ, ಕಣ್ಣಿಗೆ ಸಿಗದು.

ಆಗಸ್ಟಿನಲ್ಲಿ ಒಳಗೆ ಪಾರಿವಾಳ ಬಿಟ್ಟರು.
ಟಿಕೆಟ್ಟಿಗೆ ದುಡ್ಡಿಲ್ಲ,
ಟ್ರಾಮ್ ನಿಲ್ದಾಣದಿಂದಲೇ ಇಬ್ಬರೂ ಕತ್ತೆತ್ತಿದರು.
ಗಾಳಿ ಇರಲಿಲ್ಲ. ಕಂಬಕ್ಕೆ ಒರಗಿ
ಒಗೆದು ಹರವಿದ ಹಾಸಿಗೆವಸ್ತ್ರದ ಹಾಗೆ ನೇತಿತ್ತು;
ಕಂಡದ್ದು ಅರ್ಧ ನೀಲಿ, ಚೂರು ಹಳದಿ.

"ಹೀಗಾದರೆ ಐದಿವೆ ಅಂತ ಯಾರಿಗೆ ಗೊತ್ತಾಗುತ್ತೆ?"
"ಗಾಳಿ ಬರಲಿ, ತಾಳು."

ಟ್ರಾಮ್ ಬಂತು. ಹತ್ತಲಿಲ್ಲ.
ಇನ್ನೊಂದು ಬಂತು.